ಕೂಗಿದವರ ಕೆಲಸ ಹಗುರವಾಗುವ ಕಚೇರಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

‘ಸ’ ಲೆಕ್ಕಪತ್ರ ವಿಭಾಗದ ಹಿರಿಯ ನೌಕರರು. ಎಚ್‌ಆರ್ (ಸಿಬ್ಬಂದಿ ವಿಭಾಗ) ಅವರನ್ನು ಆಪ್ತಸಲಹೆಗೆ ಕಳಿಸುತ್ತ ಬರೆದ ಪತ್ರದಲ್ಲಿ ದೂರು ಎರಡು: ಕಿರಿಯರ ಮೇಲೆ ಕೂಗಾಡುತ್ತಾರೆ, ಹಳೆಯ ಸಾಫ್ಟ್‌ವೇರ್‌ನ ಕೆಲಸ ಯಾರಿಗೂ ಹೇಳಿಕೊಡುವುದಿಲ್ಲ. ಕೋಪ ನಿಯಂತ್ರಣದ ತರಬೇತಿ ಕೊಡಿ ಎಂಬ ಕೋರಿಕೆಯೂ ಇತ್ತು. ಪರೀಕ್ಷೆಗೆ ಮೊದಲೇ ಔಷಧಿ ಚೀಟಿ ಬರೆದು ಕಳಿಸುವುದು ಕಚೇರಿಗಳಿಗೆ ರೂಢಿ. ‘ಸ’ ಅವರ ವಾದ ನೇರ ಉಲ್ಟಾ: “ನಾನು ಸರಿಯಾಗೇ ಇದ್ದೀನಿ, ಆಫೀಸೇ ಸರಿ ಇಲ್ಲ.”

ನಡವಳಿಕೆ ವ್ಯಕ್ತಿ ಮತ್ತು ಪರಿಸರ ಎರಡರ ಫಲ ಎಂದು ಮನೋವಿಜ್ಞಾನಿ ಕರ್ಟ್ ಲೆವಿನ್ 1936ರಲ್ಲೇ ಸೂತ್ರ ಬರೆದರು. ಪ್ರಕರಣದಲ್ಲಿ ಅದನ್ನು ಕಾಣಬೇಕಾದರೆ ದಾಖಲೆ ಬೇಕು. ತಿಂಗಳ ಕೊನೆಯೂ ಸೇರುವಂತೆ ನಾಲ್ಕು ವಾರ ಮೂರು ಕಾಲಂ ಬರೆಯಲು ‘ಸ’ ಅವರಿಗೆ ಹೇಳಲಾಯಿತು: ಮೊದಲು ಏನಾಯಿತು, ನಾನೇನು ಮಾಡಿದೆ, ಆಮೇಲೆ ಏನಾಯಿತು. ಒಂದು ಗಂಟೆಯೊಳಗೆ ಬರೆಯಬೇಕು. ತಡವಾದರೆ ನೆನಪು ತನಗೆ ಬೇಕಾದಂತೆ ತಿದ್ದಿಕೊಳ್ಳುತ್ತದೆ. ‘ಕೋಪ ಬಂತು’ ಎಂದರೆ ಸಾಲದು, ‘ದನಿ ಏರಿಸಿದೆ, ಫೈಲ್ ಕುಕ್ಕಿದೆ’ ಎಂದಿರಬೇಕು. ಹೆಚ್ಚಿನವರು ಮೂರನೇ ಕಾಲಂ ಖಾಲಿ ಬಿಡುತ್ತಾರೆ. ಇಲ್ಲಿ ಉತ್ತರವಿದ್ದದ್ದೇ ಅಲ್ಲಿ.

ದಾಖಲಾದ 11 ಘಟನೆಗಳಲ್ಲಿ 8 ತಿಂಗಳ ಕೊನೆಯ ಐದು ದಿನಗಳವು. ಬಹುಪಾಲು ಸಲ ಇಬ್ಬರು ಮೇಲ್ವಿಚಾರಕರು ತಂತಮ್ಮ ಕೆಲಸವೇ ಅರ್ಜೆಂಟ್ ಎಂದಿದ್ದರು. ಯಾವುದು ಮೊದಲು ಎಂದು ‘ಸ’ ಸೌಜನ್ಯದಿಂದ ಕೇಳಿದ ಎರಡು ಇಮೇಲ್‌ಗಳಿಗೆ ಉತ್ತರವೇ ಇಲ್ಲ. ಕೂಗಾಡಿದ ಏಳು ಸಲವೂ ಆ ಕೆಲಸ ಕಿರಿಯರ ಮೇಜಿಗೆ ಹೋಗಿತ್ತು. ಮ್ಯಾನೇಜರ್‌ಗೆ ಬೇಕಾಗಿದ್ದದ್ದು ಆ ಹೊತ್ತಿನ ಶಾಂತಿ. ಕಲಿಸಿದ್ದು ಮಾತ್ರ ‘ಕೇಳಿದರೆ ಸಿಗದು, ಕೂಗಿದರೆ ಸಿಗುತ್ತದೆ’ ಎಂಬ ಪಾಠ.

ಮಾಹಿತಿ ಬಚ್ಚಿಡುವುದಕ್ಕೂ ಎರಡು ಬೇರು. ಹಿಂದಿನ ನೌಕರಿಯಲ್ಲಿ ಹೊಸಬರಿಗೆ ಕೆಲಸ ಕಲಿಸಿದ ಮೇಲೆ ‘ಸ’ ಅವರನ್ನೇ ತೆಗೆದಿದ್ದರು. ಈ ಕಚೇರಿ ಆ ಭಯಕ್ಕೆ ನೀರೆರೆಯಿತು: ರಾತ್ರಿ ಕೂತು ಸಿಸ್ಟಂ ಸರಿಮಾಡಿದವರಿಗೆ ಮೀಟಿಂಗ್‌ನಲ್ಲಿ ಮೆಚ್ಚುಗೆ, ಕೆಲಸದ ವಿಧಾನ ಬರೆದಿಟ್ಟವರಿಗೆ ಅಪ್ರೈಸಲ್‌ನಲ್ಲಿ (ಕೆಲಸದ ಮೌಲ್ಯಮಾಪನದಲ್ಲಿ) ಒಂದು ಅಂಕವೂ ಇಲ್ಲ.

ಹಾಗೆಂದು ‘ಸ’ ಅವರ ಪಾಲನ್ನು ಬಿಟ್ಟುಬಿಡಲಾಗದು. ಕೂಗಿದ ಅಷ್ಟೂ ಸಲ ಕೂಗಿದ್ದು ಕಿರಿಯರ ಮೇಲೆ. ಮೇಲಿನವರ ಮುಂದೆ ಒಮ್ಮೆಯೂ ದನಿ ಏರಿಲ್ಲ. ಆಳು ನೋಡಿ ಬರುವ ಕೋಪ ಹಿಡಿತದಲ್ಲೇ ಇರುವ ಕೋಪ. ತರಬೇತಿಯೊಂದನ್ನೇ ಕೊಟ್ಟಿದ್ದರೆ ಇದು ಕಣ್ಣಿಗೆ ಬೀಳುತ್ತಿರಲಿಲ್ಲ.

ಅವರಿಗೆ ಕೊಟ್ಟ ಸಲಹೆ: ಎರಡು ಕೆಲಸ ಒಟ್ಟಿಗೆ ಬಂದರೆ, “ಎರಡೂ ಇವತ್ತು ಆಗಲ್ಲ. ಯಾವುದು ಮೊದಲು ಅಂತ ನೀವಿಬ್ಬರೂ ಮಾತಾಡಿ ಹೇಳಿ” ಎಂಬ ಮಾತನ್ನು ಮೇಲಿನವರಿಗೇ ಹೇಳುವುದು. ಇದನ್ನು ಸಲಹೆಯ ಕೋಣೆಯಲ್ಲೇ ಬಾಯಿಬಿಟ್ಟು ಅಭ್ಯಾಸ ಮಾಡಿಸಲಾಯಿತು. ಜೊತೆಗೆ, ಕಿರಿಯರ ಬಳಿ ಕ್ಷಮೆ: ಮಾಡಿದ್ದನ್ನು ಹೆಸರಿಸಿ, ಕಾರಣ ಜೋಡಿಸದೆ.

ಮ್ಯಾನೇಜರ್ ಜೊತೆಗಿನ ಜಂಟಿ ಸಭೆಗೆ ‘ಸ’ ಅವರ ಲಿಖಿತ ಒಪ್ಪಿಗೆ ಪಡೆಯಲಾಯಿತು. ಹಿಂದಿನ ನೌಕರಿಯ ಕಥೆ ಅಲ್ಲಿಗೆ ಬರಕೂಡದೆಂದು ಮೊದಲೇ ಗೊತ್ತುಮಾಡಲಾಯಿತು. ಒಪ್ಪಂದ ಹೀಗಿತ್ತು. ತಿಂಗಳ ಕೊನೆಯ ವಾರ ಆದ್ಯತೆಯನ್ನು ಒಬ್ಬರೇ, ಬೆಳಿಗ್ಗೆ 10ರೊಳಗೆ ತಿಳಿಸಬೇಕು. ಸೌಜನ್ಯದ ಕೋರಿಕೆಗೆ ಅಂದೇ ಉತ್ತರ ಸಿಗಬೇಕು. ಇದು ಮೊದಲು ಜಾರಿಯಾಗದಿದ್ದರೆ ಉಳಿದದ್ದೆಲ್ಲ ಬರೀ ಶಿಕ್ಷೆಯಾಗುತ್ತದೆ. ಕೂಗಿದರೆ ಮಾತುಕತೆ ಅರ್ಧ ಗಂಟೆ ನಿಲ್ಲಿಸಬೇಕು, ಕೆಲಸ ಮಾತ್ರ ಅವರ ಬಳಿಯೇ ಉಳಿಯಬೇಕು. ತಿಂಗಳಿಗೆ ಎರಡು ವಿಧಾನಗಳನ್ನು ‘ಸ’ ಬರೆದುಕೊಡಬೇಕು, ಅದಕ್ಕೆ ಅಪ್ರೈಸಲ್‌ನಲ್ಲಿ ಅಂಕ. ಹುದ್ದೆಯ ಭದ್ರತೆಯ ಮಾತು ನಿಜವಾಗಿದ್ದರಷ್ಟೇ ಕೊಡಿ ಎಂದು ಮ್ಯಾನೇಜರ್ ಅವರನ್ನೂ ಎಚ್ಚರಿಸಲಾಯಿತು.

ಕೂಗಿಗೆ ಮಣಿಯುವುದನ್ನು ನಿಲ್ಲಿಸಿದ ಶುರುವಿನಲ್ಲಿ ಕೂಗಾಟ ಹೆಚ್ಚಬಹುದು. ಮ್ಯಾನೇಜರ್‌ಗಳು ಸೋಲುವುದು ಆಗಲೇ. ಆಗ ಸೋತರೆ, ಇನ್ನೂ ಜೋರಾಗಿ ಕೂಗಬೇಕೆಂದು ಕಲಿಸಿದಂತೆ. ಬೆದರಿಕೆ, ಕೈ ಎತ್ತುವುದು, ಕಿರುಕುಳ ಇದ್ದಲ್ಲಿ ಈ ನಿಧಾನದ ದಾರಿ ಸಲ್ಲದು, ಕಿರಿಯರ ಸುರಕ್ಷತೆ ಮತ್ತು ದೂರು ಪ್ರಕ್ರಿಯೆ ಮೊದಲು.

ಎರಡನೇ ತಿಂಗಳ ಕೊನೆಯಲ್ಲಿ ದಾಖಲಾದದ್ದು ಎರಡು ಘಟನೆ. ವಿಧಾನ ಬರೆಯುವ ಕೆಲಸ ತೆವಳುತ್ತಿದೆ. ಒಬ್ಬ ಮೇಲ್ವಿಚಾರಕರು ಈಗಲೂ ಪ್ರತ್ಯೇಕವಾಗಿ ‘ಅರ್ಜೆಂಟ್’ ಸಂದೇಶ ಕಳಿಸುತ್ತಾರೆ. ಮುಂದಿನ ಜಂಟಿ ಸಭೆಗೆ ಅವರನ್ನೂ ಕರೆಯಲಾಗಿದೆ.