ಸೋತ ಮರುದಿನ ಊರಲ್ಲಿ ಯಾರಿರುತ್ತಾರೆ?

ಪಾಂಡವಪುರ ತಾಲ್ಲೂಕಿನ ನಿವೃತ್ತ ಮೇಷ್ಟ್ರೊಬ್ಬರು ಎರಡು ಹಾಳೆ ತುಂಬ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಕಾಗದದ ಸಾರ ಇದು:

"ನಾನು ಹುಡುಗನಾಗಿದ್ದಾಗಿನಿಂದ ಸಮಾಜವಾದಿ. ನಿವೃತ್ತಿಯಾದ ಮೇಲೆ ಹಸಿರು ಶಾಲು ಹಾಕಿದೆ. ಮಗ ಮೈಸೂರಿನ ಹೆಬ್ಬಾಳದಲ್ಲಿ ಸಣ್ಣ ವರ್ಕ್‌ಶಾಪ್ ಇಟ್ಟಿದ್ದಾನೆ, ಹನ್ನೊಂದು ಜನಕ್ಕೆ ಕೆಲಸ ಕೊಟ್ಟಿದ್ದಾನೆ. ಬಂಡವಾಳ ಹಾಕೋರು ಇಲ್ಲದೆ ಏನೂ ನಡೆಯಲ್ಲ ಅನ್ನೋದು ಅವನ ವಾದ. ಮಂಡ್ಯದ ಮೈಷುಗರ್ ಸಕ್ಕರೆ ಕಾರ್ಖಾನೆ ತುಕ್ಕು ಹಿಡಿದಿದ್ದು ನಿಮ್ಮ ಸಮಾಜವಾದದಿಂದಲೇ ಅಂತಾನೆ. ಈ ಸಲ ನಾನು ನಂಬಿದವರನ್ನ ಬಿಟ್ಟು ಗೆಲ್ಲೋ ಪಕ್ಷಕ್ಕೆ ವೋಟು ಹಾಕ್ತೀನಿ ಅಂದೆ. 'ದುಡ್ಡಿನ ರಾಜಕೀಯ ಬೇಡ ಅಂತ ಇಷ್ಟು ವರ್ಷ ನಂಗೆ ಪಾಠ ಹೇಳಿ, ಈಗ ದುಡ್ಡಿರೋನಿಗೇ ಹಾಕ್ತೀರಲ್ಲಪ್ಪಾ' ಅಂದುಬಿಟ್ಟ. ಊಟ ಬಿಟ್ಟು ಎದ್ದೆ. ನಿಮ್ಮ ಪತ್ರಿಕೆ 'ನಂಬಿದವರಿಗೇ ಹಾಕಿ' ಅಂತ ಹೋದ ಸಂಚಿಕೆಯಲ್ಲಿ ಸುಲಭವಾಗಿ ಬರೆಯಿತು. ಸೋತು ಸೋತು ಸಾಕಾದವರ ಸಂಕಟ ನಿಮಗೇನು ಗೊತ್ತು? ನಾನು ದ್ರೋಹಿಯಾ, ಹೇಳಿ."

ಮೇಷ್ಟ್ರೇ, ನಮಸ್ಕಾರ.

ನೀವು ದ್ರೋಹಿ ಅಲ್ಲ. ಮೊದಲು ಇದನ್ನು ಹೇಳಿಬಿಡುತ್ತೇನೆ. ನಮ್ಮ ಚುನಾವಣೆಯಲ್ಲಿ ಒಂದು ವೋಟು ಜಾಸ್ತಿ ಬಂದವರು ಗೆದ್ದರು, ಉಳಿದವರೆಲ್ಲ ಮನೆಗೆ ಹೋದರು. ಇಂಥ ಲೆಕ್ಕದಲ್ಲಿ ತೀರಾ ಕೆಟ್ಟವರು ಬರದಿರಲಿ ಎಂದು ಎರಡನೇ ಇಷ್ಟದವರಿಗೆ ವೋಟು ಹಾಕುವುದು ತಪ್ಪಲ್ಲ. ಹೋದ ಸಂಚಿಕೆಯಲ್ಲಿ ಈ ಮಾತನ್ನೂ ನಾನು ಬರೆಯಬೇಕಿತ್ತು. ಬರೆಯಲಿಲ್ಲ. ನೀವು ಹಿಡಿದದ್ದು ಸರಿ.

ಆದರೆ ಒಂದು ಮಾತು ಕೇಳುತ್ತೇನೆ. "ಗೆಲ್ಲೋರು" ಇವರೇ ಅಂತ ನಿಮಗೆ ಹೇಳಿದವರು ಯಾರು? ಟೀ ಅಂಗಡಿಯಲ್ಲಿ ಕೂತು ಜಾತಿ ಲೆಕ್ಕ ಹಾಕುವವರೇ ಅಲ್ವಾ? 2019ರ ಲೋಕಸಭೆ ಚುನಾವಣೆ ನೆನಪು ಮಾಡಿಕೊಳ್ಳಿ. ಮಂಡ್ಯ ಕ್ಷೇತ್ರದ ಎಂಟು ವಿಧಾನಸಭಾ ಸ್ಥಾನಗಳಲ್ಲೂ ಜೆಡಿಎಸ್ ಶಾಸಕರೇ ಇದ್ದರು. ನಿಂತವರು ಮುಖ್ಯಮಂತ್ರಿಯ ಮಗ. ಮೇಲೆ ಕಾಂಗ್ರೆಸ್ ಜೊತೆ ಮೈತ್ರಿ. ಆ ಲೆಕ್ಕದ ಪ್ರಕಾರ ಚುನಾವಣೆ ನಡೆಸುವ ಅಗತ್ಯವೇ ಇರಲಿಲ್ಲ. ಕೊನೆಗೆ ಪಕ್ಷೇತರರಾಗಿ ನಿಂತ ಸುಮಲತಾ 1.25 ಲಕ್ಷಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಅವರಿಗೆ ಬಿಜೆಪಿ ಬೆಂಬಲ ಇತ್ತು, ಅಂಬರೀಶ್ ಹೆಸರಿತ್ತು, ಒಪ್ಪುತ್ತೇನೆ. ಆದರೂ ಟೀ ಅಂಗಡಿ ಲೆಕ್ಕ ಸುಳ್ಳಾಯಿತು.

ನಿಮ್ಮ ತಾಲ್ಲೂಕಿನದೇ ಇನ್ನೊಂದು ಕತೆ ಇದೆ. ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ರೈತ ಸಂಘದ ನಾಯಕ ಕೆ.ಎಸ್. ಪುಟ್ಟಣ್ಣಯ್ಯನವರು ಪಾಂಡವಪುರದಿಂದ 1994ರಲ್ಲಿ ಗೆದ್ದರು. ಮತ್ತೆ ವಿಧಾನಸಭೆಗೆ ಹೋಗಿದ್ದು 2013ರಲ್ಲಿ, ಮೇಲುಕೋಟೆಯಿಂದ. ಎರಡು ಗೆಲುವುಗಳ ನಡುವೆ 19 ವರ್ಷ. ಅದರಲ್ಲಿ ಶಾಸಕರಲ್ಲದ ವರ್ಷಗಳಲ್ಲಿ ಅವರು ಎಲ್ಲಿದ್ದರು? ಊರಲ್ಲೇ ಇದ್ದರು. ಕಬ್ಬಿನ ಬಾಕಿಗೆ ರಸ್ತೆಯಲ್ಲಿ ಕೂತರು, ಕಾವೇರಿ ನೀರಿಗೆ ಕೂತರು. ಸೋತ ಸಲ ಅವರಿಗೆ ಬಿದ್ದ ವೋಟು ಪೆಟ್ಟಿಗೆಯಲ್ಲೇ ಸತ್ತುಹೋಗಲಿಲ್ಲ. ಮುಂದಿನ ಸಲಕ್ಕೆ ಕೂಳೆ ಕಬ್ಬಿನ ಹಾಗೆ ಬುಡದಲ್ಲಿ ಉಳಿಯಿತು. ಅವರು 2018ರ ಫೆಬ್ರವರಿಯಲ್ಲಿ ತೀರಿಕೊಂಡರು. ಅದೇ ವರ್ಷ ಅವರ ಮಗ ದರ್ಶನ್ ನಿಂತು ಸೋತರು. 2023ರಲ್ಲಿ ಗೆದ್ದರು. ಆಗ ಕಾಂಗ್ರೆಸ್ ಅಲ್ಲಿ ಅಭ್ಯರ್ಥಿ ಹಾಕದೆ ಬೆಂಬಲ ಕೊಟ್ಟಿತ್ತು, ಅದನ್ನೂ ಮರೆಯುವ ಹಾಗಿಲ್ಲ. ಆದರೆ ಬೆಂಬಲ ಕೇಳಿ ಪಡೆಯುವಷ್ಟು ಶಕ್ತಿ ಆ ಸಂಘಕ್ಕೆ ಬಂದದ್ದು ಎಲ್ಲಿಂದ? ಸೋತಾಗಲೂ ಕೈಬಿಡದೆ ವೋಟು ಹಾಕಿದ ನಿಮ್ಮಂಥವರಿಂದ.

ಅದಕ್ಕೇ "ವೋಟು ವೇಸ್ಟ್" ಅನ್ನುವ ಮಾತನ್ನು ನಾನು ಬೇರೆ ಥರ ಅಳೆಯುತ್ತೇನೆ. ಸೋಲುವವರಿಗೆ ಹಾಕಿದ್ದೆಲ್ಲ ವೇಸ್ಟ್ ಅಲ್ಲ. ಸೋತ ಮರುದಿನ ಫೋನ್ ಸ್ವಿಚ್ ಆಫ್ ಮಾಡಿ ಬೆಂಗಳೂರಿಗೆ ಹೋಗುವವರಿಗೆ ಹಾಕಿದ್ದು ವೇಸ್ಟ್. ಅವರು ಎಷ್ಟೇ ಒಳ್ಳೆಯ ಮಾತಾಡಲಿ, ಎಷ್ಟೇ ಎಡಕ್ಕಿರಲಿ, ಬಲಕ್ಕಿರಲಿ. ನೀವು ನಂಬಿದ ಅಭ್ಯರ್ಥಿ ಸೋತರೂ ಊರಲ್ಲಿರುತ್ತಾರೆ, ಜೊತೆಗೆ ಒಂದು ಸಂಘಟನೆ ಇದೆ ಅಂತಾದರೆ, ಧೈರ್ಯವಾಗಿ ಅವರಿಗೇ ಹಾಕಿ. ಹಾಗಲ್ಲ, ನಾಮಪತ್ರದ ದಿನ ಬಂದು ಎಣಿಕೆ ದಿನ ಹೋಗುವವರು ಅಂತಾದರೆ, ನೀವು ಹೇಳುವ ದೊಡ್ಡ ಪಕ್ಷದವರಿಗೆ ಹಾಕುವುದೇ ಮೇಲು. ಇದು ನನ್ನ ಖಚಿತ ಅಭಿಪ್ರಾಯ.

ಇನ್ನು ನಿಮ್ಮ ಮನೆಯ ದೊಡ್ಡ ಜಗಳ. ಬಂಡವಾಳಶಾಹಿಯೋ, ಸಮಾಜವಾದವೋ?

ಪಕ್ಷದ ಬೋರ್ಡು ನೋಡಿ ಇದನ್ನು ತೀರ್ಮಾನ ಮಾಡಲಾಗುವುದಿಲ್ಲ. ಪ್ರಜಾಪ್ರತಿನಿಧಿ ಕಾಯ್ದೆಯ 29ಎ ಪ್ರಕಾರ, ಪಕ್ಷ ನೋಂದಣಿಗೆ ಅರ್ಜಿ ಹಾಕುವ ಪ್ರತಿಯೊಬ್ಬರೂ ಸಮಾಜವಾದಕ್ಕೆ ನಿಷ್ಠರಾಗಿರುತ್ತೇವೆ ಎಂದು ಬರೆದುಕೊಡಲೇಬೇಕು. ಕಾಗದದ ಮೇಲೆ ಎಲ್ಲರೂ ನಿಮ್ಮವರೇ. ಹಾಗಾಗಿ ಗದ್ದೆಯಿಂದ ನೋಡೋಣ.

ಮೈಷುಗರ್ 1933ರಲ್ಲಿ ಶುರುವಾದ ಕಂಪನಿ. ಮಹಾರಾಜರ ಸರ್ಕಾರದ ಕಾಲದ್ದು. ಇವತ್ತಿಗೂ ಸರ್ಕಾರದ್ದೇ, ರೈತರೂ ಷೇರುದಾರರು. ಅದು ವರ್ಷಗಟ್ಟಲೆ ನಿಂತುಹೋಗಿತ್ತು. ನಿಮ್ಮ ಮಗನ ಸಿಟ್ಟಿಗೆ ಕಾರಣ ಇದೆ. ನಷ್ಟವಾದರೂ ಯಾರ ಜೇಬಿನಿಂದಲೂ ಹೋಗದ ಕಡೆ ಸೋಮಾರಿತನ, ಕಮಿಷನ್ ಎರಡೂ ಬೆಳೆಯುತ್ತವೆ. ಆದರೆ ಮೈಸೂರಿನಲ್ಲೇ ಇರುವ ಅವರಿಗೆ ಯಾದವಗಿರಿಯ ಜಾವಾ ಕಾರ್ಖಾನೆ ಗೊತ್ತಿರಬೇಕು. ಅದು ಖಾಸಗಿ ಕಂಪನಿ. ದೇಶವೆಲ್ಲ ಓಡಿದ ಬೈಕು. 1996ರಲ್ಲಿ ಬಾಗಿಲು ಹಾಕಿತು. ತುಕ್ಕು ಎರಡು ಕಡೆಯ ಕಬ್ಬಿಣಕ್ಕೂ ಹಿಡಿಯುತ್ತದೆ.

ನಿಮ್ಮ ಪಾಂಡವಪುರದ ಸಹಕಾರಿ ಕಾರ್ಖಾನೆಯನ್ನು 2020ರಲ್ಲಿ 40 ವರ್ಷಕ್ಕೆ ಖಾಸಗಿಯವರಿಗೆ ಗುತ್ತಿಗೆ ಕೊಟ್ಟರು. ಮತ್ತೆ ಕಬ್ಬು ಅರೆಯಲು ಶುರುವಾಯಿತು. ಮೈಷುಗರ್‌ಗೂ ಅದೇ ದಾರಿ ಎಂದಾಗ ಮಂಡ್ಯದ ಜನ ಒಪ್ಪಲಿಲ್ಲ, ಹೋರಾಟ ಮಾಡಿದರು. ಸರ್ಕಾರವೇ ನಡೆಸುವುದು ಅಂತಾಯಿತು. 2022ರಲ್ಲಿ ಅದೂ ಶುರುವಾಯಿತು. ಒಂದೇ ಜಿಲ್ಲೆ, ಒಂದೇ ಬೆಳೆ, ಎರಡು ದಾರಿ. ಯಾವುದು ಸರಿ ಅಂತ ಹೇಳುವುದಕ್ಕೆ ನಿಮ್ಮ ಸಿದ್ಧಾಂತವೂ ಬೇಡ, ಮಗನ ಸಿದ್ಧಾಂತವೂ ಬೇಡ. 1966ರ ಕಬ್ಬು ನಿಯಂತ್ರಣ ಆದೇಶ ಸಾಕು. ಕಬ್ಬು ಒಪ್ಪಿಸಿದ 14 ದಿನದೊಳಗೆ ದುಡ್ಡು ಕೊಡಬೇಕು. ತಡವಾದರೆ ವರ್ಷಕ್ಕೆ ಶೇ 15 ಬಡ್ಡಿ ಸೇರಿಸಿ ಕೊಡಬೇಕು. ಒಡೆಯ ಯಾರೇ ಆಗಿರಲಿ.

ನಮ್ಮ ತಂದೆಯದು ಮದ್ದೂರಿನ ಕಡೆ ಎರಡೂವರೆ ಎಕರೆ. ಒಂದು ವರ್ಷ ಕಟಾವಿಗೆ ಪರ್ಮಿಟ್ ಬರುವುದೇ ತಡವಾಯಿತು. ಕಬ್ಬು ಹೂವು ಬಿಟ್ಟು ತೂಕ ಇಳಿಯಿತು. ಕಡಿದು ಸಾಗಿಸಿದ ಮೇಲೆ ಎಂಟು ತಿಂಗಳು ದುಡ್ಡಿಲ್ಲ. ಅಕ್ಕನ ಮದುವೆ ಮುಂದಕ್ಕೆ ಹೋಯಿತು. ಅಪ್ಪ ವಾರಕ್ಕೊಮ್ಮೆ ಕಾರ್ಖಾನೆ ಗೇಟಿಗೆ ಹೋಗಿ ನಿಂತು ಬರುತ್ತಿದ್ದರು. ಒಳಗೆ ಬಿಡುತ್ತಿರಲಿಲ್ಲ. ಬಡ್ಡಿಯ ಮಾತು ಎತ್ತಿದವರೇ ಇಲ್ಲ. ಆ ಕಾರ್ಖಾನೆ ಸರ್ಕಾರದ್ದೋ, ಸಹಕಾರಿಯೋ, ಖಾಸಗಿಯೋ ಎಂದು ಇಲ್ಲಿ ಹೇಳುವುದಿಲ್ಲ. ಹೇಳಿದರೆ ನೀವು ಅಥವಾ ನಿಮ್ಮ ಮಗ, ಇಬ್ಬರಲ್ಲಿ ಒಬ್ಬರು "ನೋಡಿದ್ಯಾ, ನಾನು ಹೇಳಲಿಲ್ವಾ" ಅನ್ನುತ್ತೀರಿ. ಗೇಟಿನ ಹೊರಗೆ ನಿಂತ ಮನುಷ್ಯನಿಗೆ ಅದರಿಂದ ಏನೂ ಸಿಗುವುದಿಲ್ಲ.

ಅವತ್ತಿನಿಂದ ನನಗೆ ರಾಜಕೀಯ ಅಂದರೆ ಆ ಗೇಟು. ಯಾರಿದ್ದರೆ ಗೇಟು ತೆಗೆಯುತ್ತಾರೆ? ತೆಗೆಯದಿದ್ದರೆ ಜೊತೆಗೆ ಯಾರು ಬಂದು ನಿಲ್ಲುತ್ತಾರೆ? ನನ್ನ ಒಲವು ನಿಮ್ಮ ಕಡೆಗೇ ಜಾಸ್ತಿ, ಮುಚ್ಚಿಡುವುದಿಲ್ಲ. ಸರ್ಕಾರದ ಕಾರ್ಖಾನೆಯಾದರೆ ವಿಧಾನಸೌಧದಲ್ಲಿ ಉತ್ತರ ಕೇಳಬಹುದು, ಮಂತ್ರಿಯನ್ನು ರಸ್ತೆಯಲ್ಲಿ ತಡೆದು ಕೇಳಬಹುದು. ಆದರೆ ಸುಮ್ನೆ ಕೂತರೆ ಆ ಹಕ್ಕಿನಿಂದ ಒಂದು ಕಾಸೂ ಹುಟ್ಟುವುದಿಲ್ಲ. ಕೇಳುವವರು ಗೆದ್ದು ಒಳಗೆ ಹೋಗಬೇಕು, ಇಲ್ಲವೇ ಸೋತು ಹೊರಗಿದ್ದರೂ ಗಟ್ಟಿಯಾಗಿ ಕೇಳುತ್ತಿರಬೇಕು.

ನಿಮ್ಮ ಮಗ ನಿಮ್ಮನ್ನು ಹಂಗಿಸಲಿಲ್ಲ ಎಂದು ನನಗೆ ಅನಿಸುತ್ತದೆ, ಮೇಷ್ಟ್ರೇ. ನೀವು ಹೇಳಿಕೊಟ್ಟ ಪಾಠ ಅವರಿಗೆ ನೆನಪಿದೆ. ವಾದ ಒಪ್ಪದಿದ್ದರೂ ಅಪ್ಪ ಆ ಮಾತಿಗೆ ನಿಲ್ಲಬೇಕು ಎಂಬ ಆಸೆ ಅವರಿಗಿದೆ. ಹನ್ನೊಂದು ಜನಕ್ಕೆ ತಿಂಗಳು ತಿಂಗಳು ಸಂಬಳ ಕೊಡುವುದು ಸಣ್ಣ ಕೆಲಸ ಅಲ್ಲ. ಅದನ್ನು ಒಮ್ಮೆಯಾದರೂ ಅವರ ಎದುರಿಗೆ ಹೇಳಿ.

ಈ ಸಲ ಪ್ರಚಾರಕ್ಕೆ ಬಂದವರನ್ನು ಜಗಲಿ ಮೇಲೆ ಕೂರಿಸಿಕೊಂಡು ಇಬ್ಬರೂ ಒಟ್ಟಿಗೆ ಕೇಳಿ. ಹದಿನಾಲ್ಕು ದಿನದ ದುಡ್ಡಿನ ಬಗ್ಗೆ ನೀವು ಕೇಳಿ. ವರ್ಕ್‌ಶಾಪಿನ ಕರೆಂಟು, ಸಾಲದ ಬಗ್ಗೆ ಅವರು ಕೇಳಲಿ. ಸೋತರೆ ಎಲ್ಲಿರುತ್ತೀರಿ ಎಂದು ಇಬ್ಬರೂ ಕೇಳಿ. ಯಾರು ಏನು ಹೇಳಿದರು ಎಂದು ನಮಗೆ ಬರೆಯಿರಿ. ನಿಮ್ಮ ಮಗನೂ ಬೇರೆಯಾಗಿ ಬರೆಯಲಿ. ಎರಡೂ ಕಾಗದಗಳನ್ನು ಒಂದೇ ಪುಟದಲ್ಲಿ, ಒಂದಕ್ಷರ ಕಡಿಯದೆ ಹಾಕುತ್ತೇವೆ.

— ಸಂಪಾದಕ