ಕಾಂಪ್ಲೆಕ್ಸ್ ಸಿಸ್ಟಮ್ಸ್ ಬರೀ ಹೆಸರಾ, ನಿಜಕ್ಕೂ ಒಂದು ವಿಷಯವಾ?

ಮೈಸೂರಿನಲ್ಲಿ ಎಂಎಸ್ಸಿ ಫಿಸಿಕ್ಸ್ ಕೊನೇ ವರ್ಷ ಓದುತ್ತಿದ್ದೀರಿ. ಕಾಂಪ್ಲೆಕ್ಸ್ ಸಿಸ್ಟಮ್ಸ್, ಅಂದರೆ ಬಿಡಿ ಭಾಗಗಳು ಒಂದರ ಮೇಲೊಂದು ಪರಿಣಾಮ ಬೀರುತ್ತಾ ಒಟ್ಟಾಗಿ ಬೇರೆಯೇ ಥರ ನಡೆದುಕೊಳ್ಳುವ ವ್ಯವಸ್ಥೆಗಳ ಮೇಲೆ ಪಿಎಚ್‌ಡಿ ಮಾಡುವ ಆಸೆ. ಮೇಷ್ಟ್ರೊಬ್ಬರು “ಅದು ವಿಷಯಾನೇ ಅಲ್ಲ, ಬರೀ ಹೆಸರು” ಅಂದಿದ್ದಾರೆ. ಏನು ಮಾಡಲಿ ಅಂತ ಕೇಳಿದ್ದೀರಿ.

ಮೇಷ್ಟ್ರ ಮಾತು ಅರ್ಧ ಸರಿ. ಹೆಸರು ಹಿಡಿದುಕೊಂಡು ಹೊರಟರೆ ಕೊನೆಗೆ ಕೈಯಲ್ಲಿ ಉಳಿಯೋದು ಹೆಸರೇ. ಆದರೆ ವಿಷಯವೇ ಅಲ್ಲ ಅನ್ನೋದನ್ನ ನಾನು ಒಪ್ಪಲ್ಲ. ಒಂದೊಂದು ಕಣದ ನಿಯಮ ಪೂರ್ತಿ ಗೊತ್ತಿದ್ದರೂ, ಅವು ರಾಶಿ ರಾಶಿ ಸೇರಿದಾಗ ಹೇಗೆ ನಡೆದುಕೊಳ್ಳುತ್ತವೆ ಅನ್ನೋದು ಅಷ್ಟರಿಂದಲೇ ಗೊತ್ತಾಗಲ್ಲ ಅಂತ ಫಿಲಿಪ್ ಆಂಡರ್ಸನ್ 1972ರಲ್ಲೇ ವಾದಿಸಿದ್ದರು. ಅವರು ನಿಮ್ಮ ಫಿಸಿಕ್ಸಿನವರೇ. 1984ರಲ್ಲಿ ಅಮೆರಿಕದಲ್ಲಿ ಇದಕ್ಕೆಂದೇ ಸಾಂಟಾ ಫೆ ಇನ್‌ಸ್ಟಿಟ್ಯೂಟ್ ಶುರುವಾಯಿತು. 2021ರ ಫಿಸಿಕ್ಸ್ ನೊಬೆಲ್ ಮನಾಬೆ, ಹಾಸೆಲ್‌ಮನ್, ಪಾರಿಸಿ ಮೂವರಿಗೂ ಬಂದದ್ದು ಇಂಥ ಕೆಲಸಕ್ಕೇ. ಇದನ್ನ ಮೇಷ್ಟ್ರ ಮುಂದೆ ಹೇಳಿ, ವಾದಕ್ಕೆ ಮಾತ್ರ ನಿಲ್ಲಬೇಡಿ. ನಾಳೆ ಶಿಫಾರಸು ಪತ್ರ ಬರೆಯೋರು ಅವರೇ ಅಲ್ವಾ.

ನನ್ನ ವಿಷಯ ಹೇಳುತ್ತೇನೆ. ನನ್ನದು ಸ್ಟ್ಯಾಟಿಸ್ಟಿಕ್ಸ್. ಗೈಡ್ ಸ್ಟ್ಯಾಟಿಸ್ಟಿಕ್ಸಿನವರು, ಕೋ-ಗೈಡ್ ಕೃಷಿ ಅರ್ಥಶಾಸ್ತ್ರದವರು. ಕೆಲಸ ಮಾಡಿದ್ದು ನಮ್ಮ ಮಂಡ್ಯದ ವಿ.ಸಿ. ನಾಲೆ (ಕನ್ನಂಬಾಡಿ ಕಟ್ಟೆಯಿಂದ ಬರೋ ವಿಶ್ವೇಶ್ವರಯ್ಯ ನಾಲೆ) ಮೇಲೆ. ಈಗ ಇಲ್ಲೇ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ.

ನನ್ನನ್ನು ಈ ಕಡೆ ಎಳೆದದ್ದು ಬಾಲಿ ದ್ವೀಪದ ಭತ್ತದ ಗದ್ದೆಗಳು. ಅಲ್ಲಿ ರೈತರು ‘ಸುಬಾಕ್’ ಅನ್ನೋ ಗುಂಪು ಕಟ್ಟಿಕೊಂಡು ನೀರು ಹಂಚಿಕೊಳ್ಳುತ್ತಾರೆ. ಯಾವಾಗ ನಾಟಿ ಅನ್ನೋದು ನೀರಿನ ದೇವಸ್ಥಾನಗಳಲ್ಲಿ ತೀರ್ಮಾನವಾಗುತ್ತಿತ್ತು. 1970ರ ದಶಕದಲ್ಲಿ ಸರ್ಕಾರ ಹಸಿರು ಕ್ರಾಂತಿಯ ಹೆಸರಲ್ಲಿ, ಯಾರಿಗೂ ಕಾಯಬೇಡಿ, ಆದಷ್ಟು ಸಲ ಬೆಳೆಯಿರಿ ಅಂದಿತು. ಹುಳ ಹತ್ತಿತು, ನೀರೂ ಸಾಲದೆ ಹೋಯಿತು. ಇಲ್ಲಿರೋ ಇಕ್ಕಟ್ಟು ನೋಡಿ. ಎಲ್ಲರೂ ಒಂದೇ ಸಲ ನಾಟಿ ಮಾಡಿ ಒಂದೇ ಸಲ ಕೊಯ್ದರೆ ಹುಳಕ್ಕೆ ತಿನ್ನೋಕೆ ಏನೂ ಸಿಗದೆ ಸಾಯುತ್ತೆ, ಆದರೆ ಎಲ್ಲರಿಗೂ ಒಟ್ಟಿಗೇ ನೀರು ಬೇಕಾಗುತ್ತೆ. ಹಿಂದೆ ಮುಂದೆ ನಾಟಿ ಮಾಡಿದರೆ ನೀರು ಸಾಲುತ್ತೆ, ಹುಳ ಗದ್ದೆಯಿಂದ ಗದ್ದೆಗೆ ಹಾರುತ್ತೆ. ಮಾನವಶಾಸ್ತ್ರದ ಸ್ಟೀಫನ್ ಲ್ಯಾನ್ಸಿಂಗ್ ಮತ್ತು ಪರಿಸರ ವಿಜ್ಞಾನದ ಜೇಮ್ಸ್ ಕ್ರೆಮರ್ ಸೇರಿ, ಎರಡು ನದಿಗಳ 172 ಸುಬಾಕ್‌ಗಳನ್ನು ಕಂಪ್ಯೂಟರಿನಲ್ಲಿ ಮಾಡೆಲ್ ಆಗಿ ಕಟ್ಟಿದರು. ನಿಯಮ ಒಂದೇ: ವರ್ಷದ ಕೊನೆಗೆ ಪಕ್ಕದವರಲ್ಲಿ ಯಾರಿಗೆ ಬೆಳೆ ಚೆನ್ನಾಗಿ ಬಂತೋ ಅವರ ನಾಟಿ ಕಾಲವನ್ನೇ ಹಿಡಿ. ಯಾರೂ ಮೇಲೆ ಕೂತು ಆಳದೆ, ದೇವಸ್ಥಾನದ ಹಂಚಿಕೆಯನ್ನೇ ಹೋಲುವ ಗುಂಪುಗಳು ಕಂಪ್ಯೂಟರಿನಲ್ಲೂ ಮೂಡಿದವು. 1993ರಲ್ಲಿ ಇದು ಪ್ರಕಟವಾಯಿತು. ಇಬ್ಬರಲ್ಲಿ ಒಬ್ಬರೇ ಇದ್ದಿದ್ದರೆ ಈ ಕೆಲಸ ಆಗುತ್ತಿರಲಿಲ್ಲ.

ಓದಿದ ಕೂಡಲೇ ನನಗೆ ಅನಿಸಿದ್ದು, ಹಾಗಾದ್ರೆ ನಮ್ಮ ನಾಲೇಲಿ ಯಾಕೆ ಹೀಗಾಗಲ್ಲ? ಕನ್ನಂಬಾಡಿ ಕಟ್ಟೆ (ಕೆಆರ್‌ಎಸ್) ಪೂರ್ತಿ 124.80 ಅಡಿ ತುಂಬಿದ ವರ್ಷವೂ ಮದ್ದೂರು, ಮಳವಳ್ಳಿ ಕಡೆಯ ಕೊನೆ ಭಾಗದ ರೈತರು ನೀರಿಲ್ಲ ಅಂತ ರಸ್ತೆಗಿಳಿಯುತ್ತಾರೆ. ಪೇಪರಿನಲ್ಲಿ ದಿನಾ ಬರೋ ಆ ಅಡಿ ಲೆಕ್ಕ ನಾಲೆಯ ಕೊನೇ ತೂಬಿನ ಕಥೆ ಹೇಳಲ್ಲ. ಇಂಜಿನಿಯರ್ ಕೇಳಿದರೆ ಸೋರಿಕೆ, ಹೂಳು ಅನ್ನುತ್ತಾರೆ. ಅರ್ಥಶಾಸ್ತ್ರದವರು ಕಬ್ಬಿನ ಬೆಲೆ ಅನ್ನುತ್ತಾರೆ. ಊರಿನವರು ರಾಜಕೀಯ ಅನ್ನುತ್ತಾರೆ. ಎಲ್ಲವೂ ನಿಜ. (ವಿಶ್ವೇಶ್ವರಯ್ಯನವರು ಬಾಂಬೆ ಪ್ರಾಂತ್ಯದಲ್ಲಿದ್ದಾಗ 1899ರಲ್ಲಿ ಬ್ಲಾಕ್ ಪದ್ಧತಿ ಅಂತ ನೀರು ಹಂಚುವ ಕ್ರಮ ತಂದರು, ಅದರಲ್ಲಿ ನೀರಿನ ಜೊತೆ ಬೆಳೆಯ ಸರದಿಯೂ ಇತ್ತು. ಅಂತರಶಿಸ್ತೀಯ (ಹಲವು ವಿಷಯ ಸೇರಿಸಿ ಮಾಡುವ) ಅನ್ನೋ ಪದ ಅವರಿಗೆ ಬೇಕಾಗಿರಲಿಲ್ಲ.)

ನನ್ನ ಮೊದಲ ಮಾಡೆಲ್‌ನಲ್ಲಿ ಪ್ರತಿ ರೈತ ನಾಟಿ ದಿನವನ್ನು ನೀರು ಬಿಡುವ ದಿನಾಂಕ ನೋಡಿ ತೀರ್ಮಾನ ಮಾಡುತ್ತಿದ್ದ. ಯಾರಾದರೂ ಹಾಗೇ ಶುರು ಮಾಡುತ್ತಾರೆ. ಕೋ-ಗೈಡ್ ಕೇಳಿದ್ದು ಒಂದೇ ಪ್ರಶ್ನೆ: “ಇದನ್ನ ನಿಮಗೆ ಯಾರು ಹೇಳಿದ್ರು?” ಹೋಗಿ ಕೇಳಿದೆ. ಮದ್ದೂರು ಕಡೆ ಬದುವಿನ ಮೇಲೆ ಕೂತು ಒಬ್ಬ ಹಿರಿಯರು ಹೇಳಿದರು: “ನಾಲೇಲಿ ನೀರೈತೆ ಸಾ, ನಮ್ ಗದ್ದೆಗಂಟ ಬರಕಿಲ್ಲ. ಮೇಲ್ಗಡೆಯೋರು ನಾಟಿ ಮುಗಿಸೋದ ನೋಡ್ಕಂಡು ನಾವು ಒಟ್ಲು ಹಾಕದು.” ಅಂದರೆ ಒಟ್ಲು (ಸಸಿಮಡಿ) ಹಾಕೋಕೆ ಅವರು ಸರ್ಕಾರದ ದಿನಾಂಕ ನೋಡುತ್ತಿಲ್ಲ, ಮೇಲಿನ ಊರಿನ ಗದ್ದೆ ನೋಡುತ್ತಿದ್ದಾರೆ. ಹೀಗೆ ಪ್ರತಿ ಹಂತದಲ್ಲೂ ಸ್ವಲ್ಪ ಸ್ವಲ್ಪ ತಡ. ಕೊನೇ ಊರಿನ ಭತ್ತ ಹೊಡೆ ಬರೋ ಹೊತ್ತಿಗೆ ಮೇಲಿನವರಿಗೆ ನೀರು ಬೇಡವಾಗಿರುತ್ತೆ, ಕಟ್ಟು ನೀರಿನ (ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ನೀರಿನ) ಸರದಿಯೂ ಮುಗಿಯುತ್ತಾ ಬಂದಿರುತ್ತೆ. ಈ ಒಂದು ನಿಯಮ ಬದಲಾಯಿಸಿದ್ದಕ್ಕೆ ನನ್ನ ಮಾಡೆಲ್ ಪೂರ್ತಿ ಬೇರೆ ಥರ ಓಡಿತು.

ಬಾಲಿಗೂ ನಮಗೂ ಇರೋ ವ್ಯತ್ಯಾಸವೂ ಅಲ್ಲೇ ಹೊಳೆಯಿತು. ಅಲ್ಲಿ ಕೆಳಗಿನವನು ಹೊಂದಿಕೊಳ್ಳದೆ ಹೋದರೆ ಅವನ ಹುಳ ಮೇಲಿನವನ ಗದ್ದೆಗೂ ಬರುತ್ತೆ. ಹಾಗಾಗಿ ಮೇಲಿನವನು ನೀರು ಬಿಡುತ್ತಾನೆ. ನಮ್ಮಲ್ಲಿ ಕೆಳಗಿನವರು ಒಣಗಿದರೆ ಮೇಲಿನವರಿಗೆ ಏನೂ ನಷ್ಟವಿಲ್ಲ. ಮೇಲಿನವರ ಗುಣ ಕೆಟ್ಟದ್ದು ಅಂತಲ್ಲ, ಹೆಣಿಗೆಯೇ ಹಾಗಿದೆ. ನನ್ನ ಅಭಿಪ್ರಾಯದಲ್ಲಿ ಕಾಂಪ್ಲೆಕ್ಸ್ ಸಿಸ್ಟಮ್ಸ್ ಓದಿದ್ದಕ್ಕೆ ಸಿಕ್ಕ ಲಾಭ ಇದೇ.

ಇನ್ನು ಕಷ್ಟದ ಮಾತು. ಗಣಿತ ಕಲಿಯಬಹುದು, ನೀವಂತೂ ಫಿಸಿಕ್ಸಿನವರು. ಇಬ್ಬರು ಗೈಡ್‌ಗಳಿಗೆ ಯಾವುದು ‘ಉತ್ತರ’ ಅನ್ನೋದರಲ್ಲೇ ಒಮ್ಮತ ಇರಲ್ಲ, ಅದು ಜಾಸ್ತಿ ಕಷ್ಟ. ಒಬ್ಬರಿಗೆ ಗ್ರಾಫ್ ಬೇಕು, ಇನ್ನೊಬ್ಬರಿಗೆ ಊರಿನ ಹೆಸರು ಬೇಕು. ನಾನು ರಿಜಿಸ್ಟರ್ ಆಗಿದ್ದ ವಿಶ್ವವಿದ್ಯಾಲಯದಲ್ಲಿ ನನ್ನ ಥೀಸಿಸ್ ಯಾವ ವಿಷಯದ ಪರೀಕ್ಷಕರಿಗೆ ಕಳಿಸಬೇಕು ಅಂತ ಗೊತ್ತಾಗದೆ ಫೈಲ್ ತಿಂಗಳುಗಟ್ಟಲೆ ಸುಮ್ನೆ ಬಿದ್ದಿತ್ತು. ಹಾಗಾಗಿ ಡಿಗ್ರಿ ಫಿಸಿಕ್ಸಿನಲ್ಲೇ ಇರಲಿ, ಸಮಸ್ಯೆ ಹೊರಗಿನದಾಗಿರಲಿ. ಕಾಲೇಜು ಅಧ್ಯಾಪಕರಾಗೋಕೆ ಬರೆಯುವ ನೆಟ್, ಕೆಸೆಟ್ ಪರೀಕ್ಷೆಗಳ ವಿಷಯ ಪಟ್ಟಿಯಲ್ಲಿ ಕಾಂಪ್ಲೆಕ್ಸ್ ಸಿಸ್ಟಮ್ಸ್ ಇಲ್ಲ. ಕೆಲಸಕ್ಕೆ ಅರ್ಜಿ ಹಾಕುವಾಗ ನೀವು ಫಿಸಿಕ್ಸಿನವರೇ ಆಗಿರಬೇಕು.

ಪಿಎಚ್‌ಡಿ ಎಲ್ಲಿ ಮಾಡೋದು ಅಂತಲೂ ಕೇಳಿದ್ದೀರಿ. ಹತ್ತಿರದಲ್ಲಿ ಬೆಂಗಳೂರಿನ ಐಸಿಟಿಎಸ್ (ಸೈದ್ಧಾಂತಿಕ ವಿಜ್ಞಾನಗಳ ಕೇಂದ್ರ), ಐಐಎಸ್ಸಿಯ ಜಲ ಸಂಶೋಧನಾ ಕೇಂದ್ರ ಇವೆ. ಚೆನ್ನೈನ ಗಣಿತ ವಿಜ್ಞಾನ ಸಂಸ್ಥೆ ಐಎಂಎಸ್ಸಿಯಲ್ಲೂ ಈ ಕೆಲಸ ನಡೆಯುತ್ತೆ. ಅರ್ಜಿ ಹಾಕೋಕೆ ಮುಂಚೆ ಇಂಥ ಮಾಡೆಲ್ ಕಟ್ಟುವ ಸಾಫ್ಟ್‌ವೇರ್ ನೆಟ್‌ಲೋಗೋ ಇಳಿಸಿಕೊಳ್ಳಿ, ಉಚಿತ. ಅದರಲ್ಲಿ ನಾಲೆಯೋ, ಮೈಸೂರಿನ ದಸರಾ ಟ್ರಾಫಿಕ್ಕೋ, ನಿಮಗೆ ಹಿಡಿಸಿದ್ದೊಂದನ್ನು ಕಟ್ಟಿ ನೋಡಿ. ಇಂಟರ್‌ವ್ಯೂನಲ್ಲಿ ಅದನ್ನೇ ತೋರಿಸಿ. ನಾಲೆಯನ್ನೇ ಹಿಡಿದರೆ ಒಂದು ಭಾನುವಾರ ಮಂಡ್ಯಕ್ಕೆ ಬನ್ನಿ, ಮದ್ದೂರು ಕಡೆ ಕರೆದುಕೊಂಡು ಹೋಗುತ್ತೇನೆ.