ಅಜ್ಜಿ ನನ್ನ ಕಾಯಿ ಕಡಿದ ದಿನ

ನೀವು ಕೇಳಿದ್ದು ಎರಡು ವಿಷಯ. ಚಿಕ್ಕಂದಿನಲ್ಲಿ ಮನೆಯವರ ಜೊತೆ ಕೂತು ಆಡಿದ ಆಟಗಳಲ್ಲಿ ಮನಸ್ಸಿನಲ್ಲಿ ಉಳಿದದ್ದು ಯಾವುದು ಅಂತ. ಈಗ ಮಕ್ಕಳ ಜೊತೆ ಮನೆಯಲ್ಲಿ ಶುರು ಮಾಡುವುದಾದರೆ ಯಾವುದರಿಂದ ಶುರು ಮಾಡಬೇಕು ಅಂತ. ನನ್ನ ಮಟ್ಟಿಗೆ ಎರಡಕ್ಕೂ ಒಂದೇ ಉತ್ತರ, ಚೌಕಾಬಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನನ್ನ ಅಜ್ಜಿಯ ಊರು ತಿಪಟೂರಿನ ಹತ್ತಿರದ ಒಂದು ಹಳ್ಳಿ. ಏಪ್ರಿಲ್ 10ಕ್ಕೆ ಪಾಸೋ ಫೇಲೋ ಗೊತ್ತಾದ ಮಾರನೇ ದಿನ ಬೆಳಗ್ಗೆ ನಾನು, ಅಣ್ಣ, ಚಿಕ್ಕಮ್ಮನ ಮಗ ಮೂವರೂ ಬಸ್ಸು ಹತ್ತುತ್ತಿದ್ದೆವು. ಎಂಬತ್ತರ ದಶಕದ ಕೊನೆಯ ಮಾತು ಇದು. ಮನೆಗೆ ಕೆಂಪು ಗಾರೆ ನೆಲ. ಅಟ್ಟದ ತುಂಬ ಕೊಬ್ಬರಿಗೆ ಬಿಟ್ಟ ಕಾಯಿ. ಹತ್ತು ತಿಂಗಳು, ವರ್ಷ ಅಲ್ಲೇ ಒಣಗಿ ಒಳಗೆ ಗಿಟುಕಾಗಬೇಕು. ಆ ವಾಸನೆ ಇಡೀ ಮನೆಗೆ ಇರುತ್ತಿತ್ತು. ಸಂಜೆ ಆರೂವರೆಗೆ ಕರೆಂಟು ಹೋಯಿತು ಅಂದರೆ ಊಟದ ಹೊತ್ತಿಗೆ ಬಂದರೆ ಪುಣ್ಯ. ಅಜ್ಜಿ ಲಾಟೀನು ಒರೆಸಿ ಹಚ್ಚಿ ಹಜಾರದ ಮಧ್ಯೆ ಇಟ್ಟರೆ ಮುಗಿಯಿತು, ಯಾರೂ ಯಾರನ್ನೂ ಕರೆಯುವುದೇ ಬೇಡ. ಎಲ್ಲರೂ ಬಂದು ಸುತ್ತ ಕೂರುತ್ತಿದ್ದರು.

ಮನೆ ಬರೆಯುವ ಕೆಲಸ ನನ್ನದು. ಸೀಮೆಸುಣ್ಣದಲ್ಲಿ ಅಡ್ಡ ಐದು, ಉದ್ದ ಐದು, ಒಟ್ಟು 25 ಮನೆ. ಹೊರಸುತ್ತಿನಲ್ಲಿ 16, ಒಳಸುತ್ತಿನಲ್ಲಿ 8, ನಡುವೆ ಒಂದು. ನಾಲ್ಕೂ ಕಡೆಯ ನಡುಮನೆಗೆ ಮತ್ತು ಒಳಗಿನ ಆ ಒಂದು ಮನೆಗೆ ಕತ್ತರಿ ಗುರುತು. ಅವು ಕಟ್ಟೆ. ಕಟ್ಟೆಯಲ್ಲಿ ಕೂತ ಕಾಯಿಯನ್ನು ಯಾರೂ ಮುಟ್ಟುವಂತಿಲ್ಲ. ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಅಜ್ಜಿಯದು ಹುಣಸೆ ಬೀಜ, ತಾತನದು ಕರಟದ ಚೂರು, ಅಣ್ಣನದು ಮುರಿದ ಬೆಂಕಿಕಡ್ಡಿ. ನನ್ನದು ಯಾವಾಗಲೂ ನೀಲಿ ಬಳೆ ಚೂರು. ಅದಕ್ಕಾಗಿಯೇ ಒಡೆದ ಬಳೆಯನ್ನು ವರ್ಷವಿಡೀ ಜೋಪಾನವಾಗಿ ಇಟ್ಟುಕೊಂಡಿರುತ್ತಿದ್ದೆ.

ನಾಲ್ಕು ಕವಡೆ ಕೈಯಲ್ಲಿ ಕುಲುಕಿ ಹಾಕಬೇಕು. ಎಷ್ಟು ಕವಡೆಯ ಬಾಯಿ ಮೇಲಾಗಿ ಬಿತ್ತೋ ಅಷ್ಟು ಗರ. ನಾಲ್ಕೂ ಮೇಲಾದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಮಗುಚಿ ಬಿದ್ದರೆ ಬಾರ, ಎಂಟು. ಚೌಕ, ಬಾರ ಬಿದ್ದವರಿಗೆ ಇನ್ನೊಂದು ಸಲ ಹಾಕುವ ಅವಕಾಶ. ಕವಡೆ ಒಂದರ ಮೇಲೊಂದು ಒರಗಿ ನಿಂತರೆ ಲೆಕ್ಕಕ್ಕಿಲ್ಲ, ಮತ್ತೆ ಹಾಕಬೇಕು. ಕಾಯಿ ಹೊರಸುತ್ತನ್ನು ಒಂದು ದಿಕ್ಕಿಗೆ ಸುತ್ತಿ, ಒಳಗೆ ಹೋದ ಮೇಲೆ ಅದರ ಎದುರು ದಿಕ್ಕಿಗೆ ಸುತ್ತಿ, ಕೊನೆಗೆ ನಡುಮನೆ ಸೇರಿದರೆ ಹಣ್ಣಾಯಿತು ಅಂತ. ನಾಲ್ಕೂ ಹಣ್ಣಾದವರು ಗೆದ್ದ ಹಾಗೆ.

ಇಷ್ಟರ ಜೊತೆಗೆ ಇನ್ನೊಂದು ಕಾನೂನು ಇದೆ. ನಮ್ಮ ಕಾಯಿ ಹೋಗಿ ನಿಲ್ಲುವ ಮನೆಯಲ್ಲಿ ಬೇರೆಯವರ ಕಾಯಿ ಇದ್ದರೆ ಅದನ್ನು ಎತ್ತಿ ಶುರುವಿನ ಮನೆಗೆ ವಾಪಸ್ಸು ಕಳಿಸುವುದಕ್ಕೆ ಕಡಿಯುವುದು ಅಂತಾರೆ. ಹಾಗೆ ಬೇರೆಯವರ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ. ಕಡಿಯದವರು ಹೊರಗೇ ಸುತ್ತುತ್ತಾ ಇರಬೇಕು. ನನ್ನ ನೆನಪೆಲ್ಲ ಈ ಒಂದು ಕಾನೂನಿನ ಸುತ್ತವೇ ಇದೆ.

ಯಾಕೆಂದರೆ ಅಜ್ಜಿ ಮಕ್ಕಳ ಕಾಯಿ ಕಡಿಯುತ್ತಿರಲಿಲ್ಲ. ನಾವು ಮೂವರು ಮತ್ತು ಅಜ್ಜಿ ಆಡಲು ಕೂತರೆ ಅವರ ನಾಲ್ಕು ಹುಣಸೆ ಬೀಜ ಸಂಜೆಯಿಡೀ ಹೊರಸುತ್ತಿನಲ್ಲೇ ತಿರುಗುತ್ತಿದ್ದವು. ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು. ಕಡಿಯುವ ಗರವೇ ಬಿದ್ದರೂ ಬೇರೆ ಕಾಯಿ ನಡೆಸಿಬಿಡುತ್ತಿದ್ದರು. 'ಅಜ್ಜಿಗೆ ಆಟ ಬರಲ್ಲ' ಅಂತ ಅಣ್ಣ ಅನ್ನುತ್ತಿದ್ದ. ನಾನೂ ಹಾಗೇ ಅಂದುಕೊಂಡಿದ್ದೆ. ಕೊನೆಗೆ ಪ್ರತಿಸಲ ಸೋಲುವುದು ಅವರೇ ಅಲ್ವಾ?

ಆದರೆ ತಾತ ಆಟಕ್ಕೆ ಕೂತ ದಿನ ಬೇರೆಯೇ ಅಜ್ಜಿಯನ್ನು ನೋಡಬೇಕಿತ್ತು. ತಾತ ಮನೆಯಲ್ಲಿ ಮಾತಾಡುವುದೇ ಕಮ್ಮಿ. ಕೊಬ್ಬರಿ ಮಂಡಿ, ತೋಟ, ಊಟ, ನಿದ್ದೆ. ಅವರ ಎದುರು ಅಜ್ಜಿ ಗಟ್ಟಿಯಾಗಿ ಮಾತಾಡಿದ್ದನ್ನೂ ನಾನು ಕಂಡವಳಲ್ಲ. ಮಣೆಯ ಮುಂದೆ ಮಾತ್ರ ಅವರ ಕರಟದ ಚೂರನ್ನು ಹುಡುಕಿ ಹುಡುಕಿ ಕಡಿಯುತ್ತಿದ್ದರು. 'ಎತ್ಕೊಳಿ, ಮನೆಗೆ ಹೋಗ್ಲಿ' ಅಂತ ತಾತನ ಕೈಗೆ ಕಾಯಿ ಕೊಡುವಾಗ ಅವರ ಮುಖದಲ್ಲಿ ಬರುತ್ತಿದ್ದ ನಗು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಓದು ಬರಹ ಬಾರದ ಅಜ್ಜಿಗೆ ಗರದ ಲೆಕ್ಕ ಚೆನ್ನಾಗಿ ಗೊತ್ತಿತ್ತು. 'ಎರಡು ಮನೆ ದೂರದಲ್ಲಿ ನಿಲ್ಬೇಡ ಮಗ, ಅದೇ ಜಾಸ್ತಿ ಬೀಳೋದು' ಅನ್ನುತ್ತಿದ್ದರು. ನಾಕು ಮನೆ ಮುಂದಕ್ಕೆ ಹೋಗು, ಇಲ್ಲಾ ಕಟ್ಟೆ ಹಿಡಿ. ಎಷ್ಟೋ ವರ್ಷದ ಮೇಲೆ ಎಂಜಿನಿಯರಿಂಗ್ ಓದುತ್ತಿದ್ದ ಅಣ್ಣ ಒಂದು ಹಾಳೆಯಲ್ಲಿ ಬರೆದು ತೋರಿಸಿದ. ನಾಲ್ಕು ಕವಡೆ ಬೀಳುವ ರೀತಿ ಒಟ್ಟು 16. ಅದರಲ್ಲಿ 6 ರೀತಿಯಲ್ಲಿ ಎರಡು ಬೀಳುತ್ತದೆ. ಒಂದಕ್ಕೆ 4, ಮೂರಕ್ಕೆ 4. ಚೌಕಕ್ಕೆ ಒಂದೇ, ಬಾರಕ್ಕೂ ಒಂದೇ. ಕವಡೆ ನಾಣ್ಯದ ಹಾಗೆ ಎರಡೂ ಕಡೆ ಸಮ ಅಲ್ಲ, ಹಾಗಾಗಿ ಈ ಲೆಕ್ಕ ಪಕ್ಕಾ ಕೂರುವುದಿಲ್ಲ. ಆದರೂ ಅಜ್ಜಿ ಹೇಳಿದ್ದು ಇದನ್ನೇ. ಅವರು ಅದನ್ನು ಹಾಳೆಯಲ್ಲಿ ಬರೆದು ಕಂಡುಕೊಂಡಿರಲಿಲ್ಲ. ಅರವತ್ತು ವರ್ಷ ಕವಡೆ ಹಾಕಿ ಕಂಡುಕೊಂಡಿದ್ದರು.

ಅತ್ತೆಯ ವಿಷಯ ಹೇಳಲೇಬೇಕು. ನಮ್ಮ ಸೋದರಮಾವನಿಗೆ ಮದುವೆಯಾದ ವರ್ಷ. ಹೊಸ ಸೊಸೆ. ತಾತ ಹಜಾರಕ್ಕೆ ಬಂದರೆ ಅತ್ತೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದರು, ಅವರ ಮುಂದೆ ಕೂರುತ್ತಿರಲಿಲ್ಲ. ಒಂದು ರಾತ್ರಿ ಆಟಕ್ಕೆ ಒಂದು ಕೈ ಕಮ್ಮಿ ಬಿತ್ತು. ಅಜ್ಜಿಯೇ ಕರೆದು ಕೂರಿಸಿದರು. ಬಾಗಿಲ ಮರೆಗೆ ಅರ್ಧ ಸರಿದುಕೊಂಡೇ ಅತ್ತೆ ಕವಡೆ ಹಾಕುತ್ತಿದ್ದರು. ಒಂದು ಹಂತದಲ್ಲಿ ಮೂರು ಬಿತ್ತು. ಸರಿಯಾಗಿ ಮೂರನೇ ಮನೆಯಲ್ಲಿ ತಾತನ ಕಾಯಿ, ಇನ್ನೇನು ಒಳಸುತ್ತಿಗೆ ಹೋಗಬೇಕು. ಅತ್ತೆ ಕೈ ಹಿಂದಕ್ಕೆ ತೆಗೆದುಕೊಂಡು ಬೇರೆ ಕಾಯಿಗೆ ಬೆರಳು ಇಟ್ಟರು. ತಾತ ಲಾಟೀನಿನ ಬತ್ತಿ ಸ್ವಲ್ಪ ಏರಿಸಿ, 'ಕಡಿಯಮ್ಮ, ಗರ ಬಿದ್ದಿರೋದು ನಿಂಗೆ' ಅಂದರು. ಅಷ್ಟೇ. ನನಗೆ ತಿಳಿದ ಹಾಗೆ ಅದು ತಾತ ಅವರಿಗೆ ನೇರವಾಗಿ ಆಡಿದ ಮೊದಲ ಮಾತು. ಅತ್ತೆ ಕಡಿದರು. ಅವತ್ತಿಂದ ಆಟಕ್ಕೆ ಅತ್ತೆ ಖಾಯಂ ಆದರು, ಕೂರುವ ಜಾಗವೂ ಬಾಗಿಲಿಂದ ಸರಿದು ಲಾಟೀನಿನ ಹತ್ತಿರಕ್ಕೆ ಬಂತು.

ಬೇರೆ ಆಟ ಇರಲಿಲ್ಲ ಅಂತಲ್ಲ. ಜಾತ್ರೆಯಲ್ಲಿ ಕೊಂಡ ಒಂದು ರಟ್ಟು ಇತ್ತು, ಒಂದು ಕಡೆ ಹಾವು ಏಣಿ, ಇನ್ನೊಂದು ಕಡೆ ಲೂಡೋ. ಲೂಡೋ ಇಂಗ್ಲೆಂಡಿನಲ್ಲಿ 1896ರಲ್ಲಿ ಪೇಟೆಂಟ್ ಆದ ಆಟ, ಅದೂ ನಮ್ಮ ಪಚ್ಚೀಸಿಯನ್ನು ನೋಡಿ ಮಾಡಿದ್ದು ಅಂತ ದೊಡ್ಡವಳಾದ ಮೇಲೆ ಓದಿ ತಿಳಿದೆ. ಅಜ್ಜಿಗೆ ಆ ರಟ್ಟು ರುಚಿಸಲಿಲ್ಲ. ಇನ್ನು ಪಗಡೆ ಅಂದರೆ ಮನೆಗೇ ಬೇಡ ಅನ್ನುತ್ತಿದ್ದರು, ಧರ್ಮರಾಯನಂಥವನೇ ರಾಜ್ಯ ಕಳೆದುಕೊಂಡ ಆಟ ಅಂತ. 'ಚೌಕಾಬಾರವೂ ಅಂಥದ್ದೇ ಅಲ್ವಾ ಅಜ್ಜಿ' ಅಂತ ಕೇಳಿದರೆ, 'ಇಲ್ಲಿ ಯಾರು ಏನು ಒತ್ತೆ ಇಟ್ಟವ್ರೆ, ಸುಮ್ನೆ ಆಡು' ಅನ್ನುವ ಉತ್ತರ.

ಮಧ್ಯಾಹ್ನ ಗಂಡಸರು ಮಲಗಿದಾಗ ಅಳಗುಳಿಮಣೆ ಹೊರಗೆ ಬರುತ್ತಿತ್ತು. ಎರಡು ಸಾಲಿನಲ್ಲಿ ಏಳೇಳು, ಒಟ್ಟು ಹದಿನಾಲ್ಕು ಗುಳಿ. ಗುಳಿಗೆ ಐದರಂತೆ ಬೀಜ. ನನಗಿಂತ ಅಣ್ಣನಿಗೆ ಅದು ಚೆನ್ನಾಗಿ ಬರುತ್ತಿತ್ತು. ಮುಂದೆ ಹಾಸ್ಟೆಲಿನಲ್ಲಿ ನನ್ನ ಜೊತೆ ಇದ್ದ ಬೆಳ್ತಂಗಡಿ ಕಡೆಯ ಹುಡುಗಿಗೆ ಈ ಮಣೆಯ ಸುದ್ದಿ ಹೇಳಿದಾಗ, ನಮ್ಮಲ್ಲಿ ಇದು ಚೆನ್ನೆಮಣೆ, ಆಟಿ ತಿಂಗಳ ಮಳೆಯಲ್ಲಿ ಆಡುತ್ತಾರೆ, ಆದರೆ ಅಕ್ಕತಂಗಿಯರು ಎದುರುಬದುರು ಕೂತು ಆಡಬಾರದು ಅಂದಳು. ತುಳುವಿನಲ್ಲಿ ಹಾಡಿ ಹೇಳುವ ಕಥೆಯಾದ ಸಿರಿ ಪಾಡ್ದನದಲ್ಲಿ ಅಬ್ಬಗ, ದಾರಗ ಅನ್ನುವ ಅವಳಿ ಅಕ್ಕತಂಗಿಯರು ಚೆನ್ನೆ ಆಡುತ್ತಲೇ ಜಗಳಕ್ಕೆ ಬೀಳುತ್ತಾರಂತೆ. ಅಕ್ಕ ಮಣೆಯಿಂದಲೇ ತಂಗಿಗೆ ಹೊಡೆಯುತ್ತಾಳೆ, ಆಮೇಲೆ ತಾನೂ ಬಾವಿಗೆ ಹಾರುತ್ತಾಳೆ. ಕೇಳಿ ಮೈ ಜುಮ್ಮೆಂದಿತ್ತು. ನಾನೂ ಅಣ್ಣನೂ ಬೀಜ ಎಸೆದಾಡಿ ಜಗಳ ಆಡಿದ್ದು ನೆನಪಾಯಿತು. ಆಟದಲ್ಲಿ ಬರುವ ಸಿಟ್ಟು ಎಷ್ಟು ನಿಜವಾದದ್ದು ಅಂತ ಹಿಂದಿನವರಿಗೆ ಗೊತ್ತಿತ್ತು.

ಈಗ ಆ ದಿನದ ಮಾತಿಗೆ ಬರುತ್ತೇನೆ. ನಾನು ಐದನೇ ಕ್ಲಾಸು ಮುಗಿಸಿ ಹೋಗಿದ್ದೆ. ಮೂರು ಕಾಯಿ ಹಣ್ಣಾಗಿದ್ದವು. ಕೊನೆಯ ಬಳೆ ಚೂರು ಹೊರಸುತ್ತು ಮುಗಿಸಿ ಒಳಗೆ ಹೋಗುವ ಬಾಗಿಲಲ್ಲಿ ನಿಂತಿತ್ತು. ಎರಡು ಮನೆ ಹಿಂದೆ ಅಜ್ಜಿಯ ಹುಣಸೆ ಬೀಜ. ಅಜ್ಜಿ ತಾನೇ ಅಂತ ನಾನು ನಿಶ್ಚಿಂತೆಯಿಂದ ಇದ್ದೆ, ಕಟ್ಟೆ ಹಿಡಿಯುವ ಯೋಚನೆಯನ್ನೂ ಮಾಡಿರಲಿಲ್ಲ. ಅಜ್ಜಿ ಕವಡೆ ಹಾಕಿದರು. ಎರಡು.

ಬೆರಳಿಟ್ಟು ಒಂದು, ಎರಡು ಅಂತ ಮನೆ ಎಣಿಸಿದರು. ನನ್ನ ನೀಲಿ ಚೂರನ್ನು ಎತ್ತಿ ನನ್ನ ಅಂಗೈಯಲ್ಲಿ ಇಟ್ಟರು. ನಾನು ಅವರ ಮುಖವನ್ನೇ ನೋಡಿದೆ. ಅಣ್ಣ ನಗುವುದಕ್ಕೆ ಬಾಯಿ ತೆರೆದವನು ಸುಮ್ಮನಾದ. ನನಗೆ ಅಳು ಬಂತು, ಅತ್ತೂ ಬಿಟ್ಟೆ. ಅಜ್ಜಿ ಸಮಾಧಾನ ಮಾಡಲಿಲ್ಲ, ಕಾಯಿ ವಾಪಸ್ಸೂ ಇಡಲಿಲ್ಲ. 'ಇಷ್ಟು ದಿನ ಆಡಿಸ್ತಿದ್ದೆ ಮಗ. ಇನ್ಮೇಲೆ ನಿನ್ ಜೊತೆ ಆಡ್ತೀನಿ' ಅಂದರು. ಆಮೇಲೆ ತಮ್ಮ ಕಾಯಿಗಳನ್ನು ಒಂದೊಂದಾಗಿ ಒಳಗೆ ತಂದು ಹಣ್ಣು ಮಾಡಿದರು. ಅರ್ಧ ಗಂಟೆಯೂ ಆಗಲಿಲ್ಲ. ಆಟ ಬರದ ಅಜ್ಜಿ!

ಅವತ್ತು ಕೋಪದಲ್ಲೇ ಮಲಗಿದೆ. ಬೆಳಗ್ಗೆ ಎದ್ದ ಮೇಲೆ ಆ ಮಾತು ಬೇರೆ ಥರ ಕೇಳಿಸಿತು. ಮುಖ ತೊಳೆಯುವ ಮೊದಲೇ ಸೀಮೆಸುಣ್ಣ ಹುಡುಕಿಕೊಂಡು ಹೋಗಿ ಹಜಾರದಲ್ಲಿ ಮನೆ ಬರೆದೆ.

ಅಜ್ಜಿ ಈಗಿಲ್ಲ. ಅವರ ನಾಲ್ಕು ಕವಡೆಯಲ್ಲಿ ಎರಡು ನನ್ನ ಹತ್ತಿರ, ಎರಡು ಅಣ್ಣನ ಹತ್ತಿರ ಇವೆ. 2020ರ ಲಾಕ್‌ಡೌನಿನಲ್ಲಿ ಅವನು ಪುಣೆಯಲ್ಲಿ, ನಾನು ಮೈಸೂರಿನಲ್ಲಿ ಇದ್ದೆವು. ಎಲ್ಲರೂ ಮೊಬೈಲಿನಲ್ಲಿ ಲೂಡೋ ಆಡುತ್ತಿದ್ದಾಗ ನಾವು ವಿಡಿಯೋ ಕಾಲ್ ಮಾಡಿಕೊಂಡು ಎರಡೆರಡು ಕವಡೆ ಹಾಕಿ, ಎರಡನ್ನೂ ಕೂಡಿಸಿ ಗರ ಎಣಿಸುತ್ತಿದ್ದೆವು. ಇಬ್ಬರ ಮನೆಯಲ್ಲೂ ಒಂದೊಂದು ಮಣೆ. ಅವನ ಕಾಯಿಯನ್ನು ಇಲ್ಲಿ ನಾನು ನಡೆಸಬೇಕು, ನನ್ನದನ್ನು ಅಲ್ಲಿ ಅವನು.

ಮೊನ್ನೆ ಹಂಪಿಗೆ ಹೋದಾಗ ಮಂಟಪದ ಕಲ್ಲು ಹಾಸಿನ ಮೇಲೆ ಆಟದ ಮನೆಗಳನ್ನು ಕೆತ್ತಿದ್ದು ಕಂಡಿತು. ನನ್ನ ಮಗಳು ಅಲ್ಲೇ ಕೂತು ಬೆರಳಲ್ಲಿ ಮನೆ ಎಣಿಸತೊಡಗಿದಳು. ಎಷ್ಟು ಕರೆದರೂ ಏಳಲಿಲ್ಲ. ಮೈಸೂರಿನವರಾದರೆ ಮುಮ್ಮಡಿ ಕೃಷ್ಣರಾಜ ಒಡೆಯರ ಆಟಗಳ ಬಗ್ಗೆಯೂ ತಿಳಿದುಕೊಳ್ಳಿ. ಅವರು ಸ್ವತಃ ಎಷ್ಟೋ ಮಣೆ ಆಟಗಳನ್ನು ರೂಪಿಸಿದವರು. ಮಕ್ಕಳಿಗೆ ಇಂಥದ್ದನ್ನು ತೋರಿಸಿದರೆ ಮನೆಯಲ್ಲಿ ಬರೆಯುವ ಮಣೆಯ ಮೇಲೆ ಪ್ರೀತಿ ಜಾಸ್ತಿಯಾಗುತ್ತದೆ.

ನಿಮ್ಮ ಎರಡನೇ ಪ್ರಶ್ನೆಗೆ. ದುಡ್ಡು ಕೊಟ್ಟು ಸೆಟ್ ತರುವುದೇನೂ ಬೇಡ. ಪೂಜೆ ಸಾಮಾನಿನ ಅಂಗಡಿಯಲ್ಲಿ ಕವಡೆ ಸಿಗುತ್ತದೆ. ಸಿಗದಿದ್ದರೆ ನಾಲ್ಕು ಹುಣಸೆ ಬೀಜದ ಒಂದೊಂದು ಮೈಯನ್ನು ಕಲ್ಲಿನ ಮೇಲೆ ಬಿಳಿ ಕಾಣುವ ತನಕ ತೇಯ್ದರೆ ಆಯಿತು, ಬಿಳಿ ಮೇಲಾದರೆ ಎಣಿಸಿ. ನೆಲಕ್ಕೆ ಟೈಲ್ಸ್ ಇದ್ದರೆ ಸೀಮೆಸುಣ್ಣ ಹಿಡಿಯುವುದಿಲ್ಲ, ಹಳೆಯ ಕ್ಯಾಲೆಂಡರಿನ ಹಿಂಬದಿ ಬಳಸಿ. ಕಾಯಿಯನ್ನು ಮಕ್ಕಳೇ ಹುಡುಕಿಕೊಳ್ಳಲಿ. ಕಾನೂನನ್ನು ಆಟಕ್ಕೆ ಮೊದಲೇ ಎಲ್ಲರೂ ಸೇರಿ ಒಪ್ಪಿಕೊಳ್ಳಿ, ಯಾಕೆಂದರೆ ಊರಿಗೊಂದು ಥರ ಇದೆ, ನಿಮ್ಮ ಮನೆಯವರದೇ ಒಂದು ಇರಬಹುದು. ಹಿರಿಯರು ಇದ್ದರೆ ಅವರನ್ನೇ ಕೇಳಿ.

ಮಕ್ಕಳ ವಯಸ್ಸು ನೀವು ಬರೆದಿಲ್ಲ. ಐದಾರು ವರ್ಷದವರಾದರೆ ಸದ್ಯಕ್ಕೆ ಅವರ ಕಾಯಿ ಕಡಿಯಬೇಡಿ. ನನ್ನ ಮಗಳಿಗೆ ಏಳು. ನಿನ್ನೆ ರಾತ್ರಿ ನನ್ನ ನಾಲ್ಕೂ ಕಾಯಿ ಹೊರಗೇ ಸುತ್ತುತ್ತಿರುವುದನ್ನು ನೋಡಿ, 'ಅಮ್ಮ, ನಿಂಗೆ ಬೇಕಾದ ಗರ ಬೀಳೋದೇ ಇಲ್ವಾ?' ಅಂತ ಪಾಪ ಕೇಳಿದಳು. ಬಿದ್ದಿತ್ತು. ಎರಡು.